ನಾಲ್ಕನೆಯ ಗಾಜು

ಆ ಭಾನುವಾರ ದಿಬ್ಬದ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಯಾರೂ ಎದ್ದು ಹೋಗಬಾರದೆಂದು ಅಯ್ಯನವರು ಕೇಳಿಕೊಂಡರು. ಅಯ್ಯನವರೆಂದರೆ ಅಲ್ಲಿಯ ಸಭಾಪಾಲಕರು. ಮೂವತ್ತೈದು ದಾಟದ ವಯಸ್ಸು, ಮೂರು ಚರ್ಚುಗಳ ಹೊಣೆ. ಬೆಳಿಗ್ಗೆ ಎಂಟಕ್ಕೆ ಸೇತುವೆ ಪಕ್ಕದ ಚರ್ಚು, ಹತ್ತಕ್ಕೆ ದಿಬ್ಬದ ಚರ್ಚು, ಊಟದ ಹೊತ್ತಿಗೆ ಗಿರಣಿ ಬೀದಿಯ ಚರ್ಚು ಎಂದು ನಿಲುವಂಗಿಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಓಡಾಡಿ ಅವರ ಗಂಟಲು ಸದಾ ಕಟ್ಟಿರುತ್ತಿತ್ತು. ಆ ದಿನ ಅವರು ಕಿಸೆಯಿಂದ ಒಂದು ಕಾಗದ ತೆಗೆದು, ಕೆಮ್ಮಿ, ತಲೆಯೆತ್ತದೆ ಓದಿದರು. ಅವರ ಆಂಗ್ಲಿಕನ್ ಧರ್ಮಪ್ರಾಂತ್ಯದ ಕಚೇರಿಯಿಂದ, ಬಿಷಪ್ಪರ ಸಹಿಯೊಂದಿಗೆ ಬಂದ ಸುತ್ತೋಲೆ. ಮೂರು ಚರ್ಚುಗಳ ಭಕ್ತರ ಸಭೆಗಳು ಸೇರಿ ಇನ್ನು ಮೇಲೆ ಒಂದೇ ಸಭೆಯಾಗಬೇಕು. ಮೂರು ಕಟ್ಟಡಗಳಲ್ಲಿ ಒಂದನ್ನು ಮಾತ್ರ ಆರಾಧನೆಗೆ ಇಟ್ಟುಕೊಳ್ಳಬೇಕು. ಯಾವುದನ್ನು ಎಂಬುದು ಕಟ್ಟಡಗಳ ಸ್ಥಿತಿ ನೋಡಿ ಮೂರು ತಿಂಗಳೊಳಗೆ ತೀರ್ಮಾನವಾಗುತ್ತದೆ.

ಕೊನೆಯ ಬೆಂಚಿನಲ್ಲಿದ್ದ ಮೇಸ್ತ್ರಿಯ ಕಿವಿಗೆ ಮುಂದಿನ ಮಾತು ಬೀಳಲಿಲ್ಲ. ‘ಕಟ್ಟಡಗಳ ಸ್ಥಿತಿ’ ಎಂದ ಕೂಡಲೇ ಅವನ ಕಣ್ಣು ತಾನಾಗಿ ಬಲಗಡೆಯ ಮೂಲೆಗೆ ಹೋಗಿತ್ತು. ಗಂಟೆಗೋಪುರವೂ ಚರ್ಚಿನ ಉದ್ದ ಗೋಡೆಯೂ ಕೂಡುವ ಜಾಗ ಅದು. ಕಿಟಕಿಯ ಕಮಾನಿನ ಹೆಗಲಿನಿಂದ ಹೊರಟ ಒಂದು ಬಿರುಕು ಮೇಲಕ್ಕೆ ಹತ್ತಿ ಮಾಡಿನ ಕತ್ತಲಲ್ಲಿ ಮಾಯವಾಗುತ್ತಿತ್ತು. ಎಂಟು ವರ್ಷದಲ್ಲಿ ಎರಡು ಸಲ ಅವನೇ ಅದಕ್ಕೆ ಗಾರೆ ತುಂಬಿದ್ದ. ಎರಡು ಸಲವೂ ಅದು ಮತ್ತೆ ಬಾಯಿ ಬಿಟ್ಟಿತ್ತು.

ಅವನಿಗೆ ಐವತ್ತೆಂಟು. ಊರಿನವರು ಅವನನ್ನು ರಸಮಟ್ಟ ಎಂದು ಕರೆಯುತ್ತಿದ್ದರು. ಗೋಡೆ ಮಟ್ಟಸವಾಗಿದೆಯೇ ಎಂದು ನೋಡಲು ಮೇಸ್ತ್ರಿಗಳು ಇಡುವ, ಒಳಗೆ ಗುಳ್ಳೆ ಓಡಾಡುವ ಪಟ್ಟಿಯೇ ರಸಮಟ್ಟ. ಅವನ ಕಣ್ಣೂ ಹಾಗೆಯೇ. ಕೂದಲೆಳೆಯಷ್ಟು ವಾಲಿದ್ದರೂ ಕೂತಲ್ಲಿ ಕೂರಲಾರ. ಮೊದಲ ಸಲ ತನ್ನ ತವರಿಗೆ ಬಂದಾಗ ತನ್ನ ಮುಖ ನೋಡುವುದಕ್ಕೆ ಮೊದಲು ಬಾಗಿಲ ಚೌಕಟ್ಟು ನೋಡಿ ‘ಎಡಕ್ಕೆ ವಾಲಿದೆ’ ಅಂದನೆಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಿದ್ದಳು. ಮೂರು ಚರ್ಚುಗಳ ರಿಪೇರಿಯೂ ಅವನ ಕೈಯಲ್ಲೇ ಇತ್ತು. ಆದರೆ ದಿಬ್ಬದ ಚರ್ಚೆಂದರೆ ಬೇರೆಯೇ ಮಾತು. ಅವನ ಅಕ್ಕ ಇದ್ದದ್ದು ಅಲ್ಲಿ.

ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅಕ್ಕನಿಗೆ ಹನ್ನೆರಡು. ಅಪ್ಪನೂ ಮೇಸ್ತ್ರಿಯೇ. ತಮ್ಮನನ್ನು ಸೊಂಟಕ್ಕೇರಿಸಿಕೊಂಡೇ ಆಕೆ ಅಪ್ಪನಿಗೆ ಗಾರೆ ಕಲಸಿ ಏಣಿಯ ಮೇಲಕ್ಕೆ ದಾಟಿಸುತ್ತಿದ್ದಳು. ಮುಂದೆ ಮದುವೆಯಾಗಿ, ಮೂವತ್ತೊಂದಕ್ಕೆ ಗಂಡನನ್ನು ಕಳೆದುಕೊಂಡು ಬಂದಾಗ ಚರ್ಚಿನವರು ಆಕೆಗೆ ಗುಡಿಸುವ, ಬೀಗ ತೆಗೆಯುವ, ಗಂಟೆ ಹೊಡೆಯುವ ಕೆಲಸ ಕೊಟ್ಟರು. ಜೊತೆಗೆ ಗೋಪುರದ ಹಿಂದಿನ ಎರಡು ಕೋಣೆ. ಮೂವತ್ತಾರು ವರ್ಷದಿಂದ ಆಕೆ ಅಲ್ಲೇ ಇದ್ದಳು. ಎಲ್ಲರ ಬಾಯಲ್ಲೂ ಗಂಟೆಯಕ್ಕ.

ಸುತ್ತೋಲೆ ಬಂದ ಹತ್ತನೆಯ ದಿನ ಧರ್ಮಪ್ರಾಂತ್ಯದ ಇಂಜಿನಿಯರಮ್ಮ ಬಂದರು. ಮಾತು ಕಡಿಮೆ, ನೋಟ ಜಾಸ್ತಿ. ಬಿರುಕಿನ ಮುಂದೆ ಕಾಲು ಗಂಟೆ ನಿಂತರು.

“ಇದು ಹಳೇ ಬಿರುಕಾ, ಇನ್ನೂ ನಡೀತಿರೋದಾ?”

“ನಂಗೂ ಅದೇ ಗೊತ್ತಾಗ್ತಿಲ್ಲ ಮೇಡಂ,” ಎಂದ ಮೇಸ್ತ್ರಿ.

“ಹಾಗಾದ್ರೆ ಗಾಜು ಹಾಕೋಣ. ನೀವೇ ಹಾಕಿ, ನೀವೇ ನೋಡಿ. ಮೂರು ಕಡೆಯವರೂ ನಿಮ್ಮ ಮಾತು ನಂಬ್ತಾರಂತೆ.”

ಗಾಜು ಹಾಕುವುದೆಂದರೆ ದೊಡ್ಡ ವಿದ್ಯೆಯೇನಲ್ಲ. ಬೆರಳುದ್ದದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತುವುದು. ಗೋಡೆ ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಮೇಸ್ತ್ರಿ ಕೆಳಗಿನಿಂದ ಮೇಲಕ್ಕೆ ಆರು ಗಾಜು ಹಾಕಿ, ಒಂದೊಂದರ ಮೇಲೂ ಮೊಳೆಯಿಂದ ಸಂಖ್ಯೆ, ತಾರೀಖು ಗೀಚಿದ. ಪ್ರತಿ ಶುಕ್ರವಾರ ಏಣಿ ಹತ್ತಿ ನೋಡುವುದು, ಪುಸ್ತಕದಲ್ಲಿ ಬರೆಯುವುದು.

ಅಂದಿನಿಂದ ಊರಿನ ಕಣ್ಣೆಲ್ಲ ಆ ಆರು ಗಾಜಿನ ಮೇಲೆ. ಸೇತುವೆ ಚರ್ಚಿನವರು ದಾರಿಯಲ್ಲಿ ಸಿಕ್ಕಿದರೆ, “ಏನ್ ಮೇಸ್ತ್ರಿ, ಗಾಜು ಆರೋಗ್ಯವಾ?” ಎಂದು ಕೇಳಿ ನಗುತ್ತಿದ್ದರು. ದಿಬ್ಬದವರು ನಗುತ್ತಿರಲಿಲ್ಲ. ಅವರ ಸಭೆಯ ಹಿರಿಯರು ನಿವೃತ್ತ ಹೆಡ್‌ಮಾಸ್ತರರು. ಮೇಸ್ತ್ರಿಗೆ ಐದನೆಯ ತರಗತಿಯವರೆಗೆ ಪಾಠ ಹೇಳಿದವರು; ಈಗಲೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಬಲ್ಲ ದನಿಯಲ್ಲೇ ಮಾತಾಡುವವರು. “ನೋಡೋ, ನಿಮ್ಮಪ್ಪನ ಸಮಾಧಿ ಈ ಅಂಗಳದಲ್ಲಿದೆ. ನೆನಪಿರಲಿ,” ಎಂದಷ್ಟೇ ಹೇಳಿ ಹೋಗುತ್ತಿದ್ದರು. ಹೆಂಡತಿ ಬೇರೆ, “ಅವರ ಜಗಳಕ್ಕೆ ನಿಮ್ಮ ತಲೆ ಯಾಕೆ ಕೊಟ್ರಿ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು.

ಒಂದು ವಾರ, ಎರಡು ವಾರ, ಐದು ವಾರ. ಆರೂ ಗಾಜು ಅಲುಗಲಿಲ್ಲ. ಮೇಸ್ತ್ರಿಯ ಹೆಗಲ ಮೇಲಿನ ಭಾರ ಒಂದಿಷ್ಟು ಇಳಿಯಿತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಆರನೆಯ ಭಾನುವಾರ ಬಿಷಪ್ಪರು ತಾವೇ ಬರುತ್ತಾರೆ. ಮೂರು ಸಭೆಗಳೂ ದಿಬ್ಬದ ಚರ್ಚಿನಲ್ಲಿ ಸೇರಿ ಒಟ್ಟಿಗೆ ಆರಾಧನೆ ಮಾಡಬೇಕು. ಆಮೇಲೆ ಜನರ ಅಭಿಪ್ರಾಯ ಕೇಳುತ್ತಾರೆ. ಹೆಡ್‌ಮಾಸ್ತರರ ನಡಿಗೆಯೇ ಬದಲಾಯಿತು. ಮುನ್ನೂರು ಜನ ಒಳಗೆ ಕೂತು, ಗಂಟೆ ಪೂರ್ತಿ ಹತ್ತು ನಿಮಿಷ ಮೊಳಗಿದರೆ ಬಿಷಪ್ಪರ ಮನಸ್ಸು ಈ ಚರ್ಚಿನ ಕಡೆ ವಾಲದೇ ಇರುತ್ತದೆಯೇ ಎಂದು ಅವರ ಲೆಕ್ಕ.

ಆ ವಾರ ನಾಲ್ಕು ದಿನ ಬಿಡದೆ ಮಳೆ. ಶುಕ್ರವಾರ ಮಧ್ಯಾಹ್ನ ಮಳೆ ತುಸು ನಿಂತಾಗ ಮೇಸ್ತ್ರಿ ಬಂದು ಚರ್ಚಿನೊಳಗೆ ಏಣಿ ಹಾಕಿದ. ಒಂದು, ಎರಡು, ಮೂರು ಸರಿಯಾಗಿದ್ದವು. ನಾಲ್ಕನೆಯದೂ ಇಡಿಯಾಗಿಯೇ ಇತ್ತು. ಅವನು ಐದರ ಕಡೆ ಕಾಲೆತ್ತಿ ಇಟ್ಟವನು ತಡೆದು ನಿಂತ. ಮತ್ತೆ ಕೆಳಗಿಳಿದು ನಾಲ್ಕರ ಎದುರು ಮುಖ ಇಟ್ಟ. ಸಂಖ್ಯೆ ಇತ್ತು, ತಾರೀಖೂ ಇತ್ತು. ಆದರೆ ಗಾಜಿನ ಅಂಚು ಹಸಿರು. ಅವನು ಹಾಕಿದ್ದು ಬಿಳಿ ಅಂಚಿನ ತೆಳು ಗಾಜು. ಇದು ಅದರ ಒಂದೂವರೆಯಷ್ಟು ದಪ್ಪ. ತುದಿಯ ಗಾರೆಯನ್ನು ಉಗುರಿನಿಂದ ಒತ್ತಿದ. ಒಳಗೆ ಇನ್ನೂ ಹಸಿ.

ಬಿರುಕಿಗೆ ಯಾರೋ ಹೊಸ ಗಾಜು ಹಾಕಿದ್ದಾರೆ ಎಂದರೆ ಹಳೆಯದು ಒಡೆದಿತ್ತು ಎಂದೇ ಅರ್ಥ. ಇಷ್ಟು ಎತ್ತರ ಏಣಿ ಹತ್ತಿ, ಇಷ್ಟು ಅಚ್ಚುಕಟ್ಟಾಗಿ ಗಾರೆ ಮೆತ್ತುವ ಕೈ ಊರಲ್ಲಿ ಎರಡೇ ಇದ್ದವು. ಒಂದು ಅವನದು.

ಅವನು ಗೋಪುರದ ಹಿಂದಿನ ಕೋಣೆಗೆ ಹೋದ. ಅಕ್ಕ ಒಲೆಯ ಮೇಲೆ ಟೀಗೆ ನೀರಿಟ್ಟಿದ್ದಳು. ಗೋಡೆಯ ಮೇಲೆ ಅಪ್ಪನ ಫೋಟೊ ಎಂದಿನ ಜಾಗದಲ್ಲೇ ಇತ್ತು. ಚೌಕಟ್ಟಿಗೆ ಗಾಜಿರಲಿಲ್ಲ.

“ಫೋಟೊ ಗಾಜು ಏನಾಯ್ತು ಅಕ್ಕ?”

“ಒರೆಸೋವಾಗ ಕೈಜಾರಿ ಬಿತ್ತು,” ಎಂದಳು ತಿರುಗದೆ.

“ಬಿದ್ದ ಗಾಜಿನಲ್ಲಿ ನಾಲ್ಕನೇ ಪಟ್ಟಿ ಕೊಯ್ದ್ಯಾ?”

ಅಕ್ಕ ಸೌಟನ್ನು ಕೆಳಗಿಟ್ಟಳು. ಅರವತ್ತೇಳರ ಆ ಮುಖ ಒಂದು ಗಳಿಗೆ ಹನ್ನೆರಡರ ಹುಡುಗಿಯದಾಯಿತು. ಸಿಕ್ಕಿಬಿದ್ದರೂ ಸೋಲದ ಮುಖ.

“ಹೂಂ. ಈಗೇನು?”

“ಆ ಏಣಿ ಮೇಲೆ ನೀನು ಹತ್ತಿದ್ಯಾ? ಈ ವಯಸ್ಸಲ್ಲಿ? ಬಿದ್ದು ಸೊಂಟ ಮುರ್ಕೊಂಡಿದ್ರೆ?”

“ನೀನು ಹುಟ್ಟೋಕೆ ಮೊದ್ಲಿಂದ ಏಣಿ ಹತ್ತಿದೀನಿ ಪುಟ್ಟ.”

“ಹಳೇದು ಎಷ್ಟು ಒಡೆದಿತ್ತು?”

“ಒಂದು ಕೂದಲೆಳೆ. ಅಷ್ಟೇ. ಅಷ್ಟಕ್ಕೆಲ್ಲ ಒಂದು ಚರ್ಚು ಮುಚ್ತಾರಾ?” ಅವಳು ಒಲೆಯ ಉರಿ ತಗ್ಗಿಸಿದಳು. “ಭಾನುವಾರ ಒಂದು ಕಳೀಲಿ. ಬಿಷಪ್ಪರು ಬಂದು ಹೋಗ್ಲಿ. ಆಮೇಲೆ ಏನ್ ಬೇಕಾದ್ರೂ ಬರ್ಕೋ ನಿನ್ನ ಪುಸ್ತಕದಲ್ಲಿ. ಈ ಎರಡು ಕೋಣೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ?”

“ನಮ್ಮನೆ ಇಲ್ವಾ?”

“ನಿನ್ನ ಹೆಂಡತಿ ಪಾತ್ರೆ ತೊಳೆಯೋ ರೀತಿ ನೋಡ್ಕೊಂಡು ಇರೋಕೆ ನಂಗಾಗಲ್ಲ.”

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಈಗ ಚರ್ಚಿನೊಳಕ್ಕೆ ಹಿಂದಿರುಗಿ, ಏಣಿ ಹತ್ತಿ, ಆ ಹಸಿರು ಗಾಜನ್ನು ಕಿತ್ತು ತನ್ನ ಚೀಲದಿಂದ ಹೊಸ ಪಟ್ಟಿ ತೆಗೆದು ಹಾಕಿದ. ಇಂಜಿನಿಯರಮ್ಮನಿಗೆ ಫೋನು ಮಾಡಬೇಕಿತ್ತು. ಫೋನು ಕೈಯಲ್ಲಿ ಹಿಡಿದ, ಹೆಸರು ತೆಗೆದ, ಮತ್ತೆ ಕಿಸೆಗೆ ಹಾಕಿದ. ಎರಡು ದಿನ ನೋಡೋಣ, ಹೊಸ ಗಾಜು ತಡೆದರೆ ಮಳೆಗೆ ಒಮ್ಮೆ ಸರಿದು ನಿಂತಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪುಸ್ತಕದಲ್ಲಿ ಶುಕ್ರವಾರದ ಸಾಲನ್ನು ಖಾಲಿ ಬಿಟ್ಟ. ಮೂವತ್ತೆಂಟು ವರ್ಷದ ಕೆಲಸದಲ್ಲಿ ಅವನು ಕಂಡದ್ದನ್ನು ಬರೆಯದೆ ಬಿಟ್ಟದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ನೋಡಿದ, ಗಾಜು ಸರಿಯಾಗಿತ್ತು. ಸಂಜೆ ಹೆಡ್‌ಮಾಸ್ತರರು ಬೆಂಚು ಹಾಕಿಸುವಾಗ ಹೋಗಿ ನೋಡಿದ, ಆಗಲೂ ಸರಿಯಾಗಿತ್ತು. ಮನೆಯಲ್ಲಿ ಅನ್ನದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. “ಏನಾಯ್ತು?” ಎಂದು ಹೆಂಡತಿ ಕೇಳಿದರೆ, “ಏನಿಲ್ಲ” ಎಂದು ಗದರಿದ.

ಭಾನುವಾರ ಎಂಟೂವರೆಗೆಲ್ಲ ಅಂಗಳದಲ್ಲಿ ಜನ. ಮೂರು ಸಭೆಯವರೂ ಮೂರು ಗುಂಪಾಗಿ ನಿಂತು ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ಮೇಸ್ತ್ರಿ ಯಾರಿಗೂ ಮುಖ ಕೊಡದೆ ನೇರ ಚರ್ಚಿನೊಳಗೆ, ಆ ಮೂಲೆಗೆ ನಡೆದ. ಏಣಿ ಬೇಕಾಗಲಿಲ್ಲ. ಕೆಳಗಿನಿಂದಲೇ ಕಾಣುತ್ತಿತ್ತು. ನಾಲ್ಕನೆಯ ಗಾಜು ಎರಡು ತುಂಡಾಗಿತ್ತು, ಮತ್ತು ತುಂಡುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಜಾಗ. ಐದನೆಯದೂ ಹೋಗಿತ್ತು. ಅಡಿಯ ಬೆಂಚಿನ ಮೇಲೆ ಹಿಟ್ಟು ಚೆಲ್ಲಿದಂತೆ ಸುಣ್ಣದ ಪುಡಿ. ಗುಡಿಸಿ ಅರ್ಧ ಗಂಟೆಯೂ ಆಗಿರಲಾರದ ಬೆಂಚು ಅದು.

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು, ಬಿಷಪ್ಪರು ಬಂದಿದ್ದರು. ಅವನು ಬಟ್ಟೆ ಬದಲಿಸುವ ಕೋಣೆಗೆ ಓಡಿದ. ಅಯ್ಯನವರು ನಿಲುವಂಗಿಯೊಳಗೆ ತಲೆ ತೂರಿಸುತ್ತಿದ್ದರು, ಹೆಡ್‌ಮಾಸ್ತರರು ಪಕ್ಕದಲ್ಲಿದ್ದರು.

“ಅಯ್ಯನವರೇ, ಜನ ಒಳಗೆ ಬರೋದು ಬೇಡ. ಗೋಡೆ ನಡೀತಿದೆ.”

ಹೆಡ್‌ಮಾಸ್ತರರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. “ಏನೋ ಮಾತಾಡ್ತಿದೀಯ? ನೂರಿಪ್ಪತ್ತು ವರ್ಷ ನಿಂತ ಗೋಡೆ ಇನ್ನು ಎರಡು ಗಂಟೆ ನಿಲ್ಲಲ್ವಾ?”

“ನಿಲ್ಬಹುದು ಸಾರ್. ನಿಲ್ದೇನೂ ಇರ್ಬಹುದು.”

“ಬಹುದು, ಬಹುದು! ಒಂದು ‘ಬಹುದು’ ಇಟ್ಕೊಂಡು ಎಲ್ಲಾ ಮಣ್ಣು ಮಾಡ್ತೀಯಾ?”

ಅಯ್ಯನವರು ನಿಲುವಂಗಿಯ ಗುಂಡಿಯನ್ನು ಅರ್ಧಕ್ಕೇ ಬಿಟ್ಟರು. ಒಮ್ಮೆ ಹಿರಿಯರನ್ನು, ಒಮ್ಮೆ ಮೇಸ್ತ್ರಿಯನ್ನು ನೋಡಿದರು. “ಬಿಷಪ್ಪರನ್ನ ಕೇಳ್ತೀನಿ, ಒಂದು ನಿಮಿಷ...” ಎನ್ನುತ್ತಿದ್ದಂತೆ ತಲೆಯ ಮೇಲೆ ಗಂಟೆ ಬಾರಿಸಿತು.

ಒಂದೇ ಏಟು. ಆದರೆ ಮೇಸ್ತ್ರಿಗೆ ಅದು ಕಾಲಿನ ಅಡಿಯಲ್ಲಿ ಕೇಳಿಸಿತು. ಗೋಡೆಯೊಳಗೆಲ್ಲೋ ಸರಸರ ಎಂದು ಮರಳು ಇಳಿದ ಸದ್ದು. ಅವನು ಹೆಡ್‌ಮಾಸ್ತರರನ್ನು ಪಕ್ಕಕ್ಕೆ ಸರಿಸಿ ಗೋಪುರದ ಬುಡಕ್ಕೆ ಓಡಿದ. ಅಕ್ಕ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಎರಡು ಕೈಯಲ್ಲೂ ಹಗ್ಗ ಹಿಡಿದು, ಎರಡನೆಯ ಏಟಿಗೆ ಮೈ ಬಗ್ಗಿಸಿದ್ದಳು. ಅವನು ಅವಳ ಕೈಗಳ ಮೇಲೆಯೇ ಹಗ್ಗವನ್ನು ಬಿಗಿಯಾಗಿ ಹಿಡಿದ.

“ಬಿಡು ಅಕ್ಕ.”

“ಬಿಡಲ್ಲ. ನೀನು ಬಿಡು.”

“ನಾಲ್ಕೂ ಒಡೀತು, ಐದೂ ಒಡೀತು. ನೀನು ಸಾಯ್ತೀಯ ಇಲ್ಲಿ.”

“ಸತ್ರೆ ಇಲ್ಲೇ ಸಾಯ್ತೀನಿ!”

“ನೀನೊಬ್ಳೇ ಅಲ್ಲ. ಹೊರಗೆ ನೋಡು. ಸಣ್ಣ ಮಕ್ಕಳಿದಾರೆ.”

ತೆರೆದ ಬಾಗಿಲಲ್ಲಿ ಅಂಗಳ ಕಾಣುತ್ತಿತ್ತು. ಗಂಟೆ ಕೇಳಿ ಜನ ಮೆಟ್ಟಿಲ ಕಡೆ ಹೊರಟಿದ್ದರು. ಎಲ್ಲರಿಗಿಂತ ಮುಂದೆ ಗಿರಣಿ ಬೀದಿಯ ಒಬ್ಬಾಕೆ ಕೂಸನ್ನು ಎತ್ತಿಕೊಂಡು, ಇನ್ನೊಂದನ್ನು ಕೈಹಿಡಿದು ನಡೆಸುತ್ತಿದ್ದಳು. ಅಕ್ಕ ಅವಳನ್ನು ನೋಡಿದಳು. ತಮ್ಮನ ಹಿಡಿತದೊಳಗೆ ಅವಳ ಬೆರಳು ಒಂದೊಂದಾಗಿ ಸಡಿಲವಾದವು. ಹಗ್ಗ ಬಿಟ್ಟು ಅವನ ಮುಖ ನೋಡದೆ ಹೊರಗೆ ನಡೆದಳು.

ಮೇಸ್ತ್ರಿ ಮೆಟ್ಟಿಲ ಮೇಲೆ ಬಂದು ಎರಡು ಕೈ ಅಗಲಿಸಿ ನಿಂತ. ನಾಲ್ಕು ಜನರ ಮುಂದೆ ನಿಂತು ಮಾತಾಡಿದವನಲ್ಲ, ದನಿ ಒಡೆಯಿತು. “ಯಾರೂ ಒಳಗೆ ಬರ್ಬೇಡಿ! ಗೋಡೆ ಸರಿದಿದೆ. ದಯವಿಟ್ಟು ಹಿಂದಕ್ಕೆ ಹೋಗಿ.”

ಮುಂದಿದ್ದವರು ಮೆಟ್ಟಿಲಲ್ಲೇ ತಡೆದು ನಿಂತರು. ಆಮೇಲೆ ದಿಬ್ಬದವರ ಗುಂಪಿನಿಂದ ಒಂದು ದನಿ ಬಂತು. “ಸೇತುವೆಯವರು ಇವನ ಕೈ ಬೆಚ್ಚಗೆ ಮಾಡಿದಾರೆ!” ಇನ್ನೊಂದು ದನಿ, “ಅಕ್ಕನ ಬೆನ್ನಿಗೇ ಚೂರಿ ಹಾಕ್ದ!” ಯಾರೋ ಅವನ ತೋಳು ಹಿಡಿದು ಎಳೆದರು. ಬಿಷಪ್ಪರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಕುಳ್ಳಗಿನ ವಯಸ್ಸಾದ ವ್ಯಕ್ತಿ, ಕೈಯಲ್ಲಿ ಇನ್ನೂ ಕನ್ನಡಕದ ಡಬ್ಬಿ ಇತ್ತು.

“ಇವತ್ತು ಬೀಳುತ್ತೆ ಅಂತ ನಿಮಗೆ ಖಾತ್ರಿ ಇದೆಯಾ?”

“ಇಲ್ಲ ಬಿಷಪ್ಪರೇ. ಇವತ್ತು ಬೀಳಲ್ಲ ಅನ್ನೋ ಖಾತ್ರಿ ಇಲ್ಲ, ಅಷ್ಟೇ.”

ಬಿಷಪ್ಪರು ಗೋಪುರದ ತುದಿಯವರೆಗೆ ಒಮ್ಮೆ ನೋಡಿ, ಅಯ್ಯನವರ ಕಡೆ ತಿರುಗಿದರು. “ಆರಾಧನೆಯ ಮೇಜು ಹೊರಗೆ ತನ್ನಿ. ಗೋಪುರದಿಂದ ದೂರ, ಆ ಗೇಟಿನ ಹತ್ತಿರ.”

ಒದ್ದೆ ಹುಲ್ಲಿನ ಮೇಲೆ ನಿಂತೇ ಆರಾಧನೆ ನಡೆಯಿತು. ಗೋಪುರ ಬೀಳಲಿಲ್ಲ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಸಾಲು ನಿಂತಾಗ ಜನ ಕಣ್ಣಂಚಿನಿಂದ ಗೋಪುರವನ್ನು, ಆಮೇಲೆ ಮೇಸ್ತ್ರಿಯನ್ನು ನೋಡುತ್ತಿದ್ದರು. ಅದು ನೆಟ್ಟಗೆ ನಿಂತಷ್ಟು ಹೊತ್ತೂ ಇವನು ಸುಳ್ಳುಗಾರ. ಅವನ ಪಕ್ಕದಲ್ಲಿ ಹೆಂಡತಿಯೊಬ್ಬಳೇ ನಿಂತಿದ್ದಳು.

ಸೋಮವಾರ ಅಯ್ಯನವರ ಮನೆಯ ಮುಂದಿನ ಕೋಣೆಯಲ್ಲಿ ವಿಚಾರಣೆ. ಇಂಜಿನಿಯರಮ್ಮ ಪುಸ್ತಕ ತಿರುವಿ ಶುಕ್ರವಾರದ ಖಾಲಿ ಸಾಲಿನ ಮೇಲೆ ಬೆರಳಿಟ್ಟರು.

“ಇದೇನು?”

“ಬುಧವಾರವೋ ಗುರುವಾರವೋ ನಾಲ್ಕನೇ ಗಾಜು ಒಡೆದಿತ್ತು ಮೇಡಂ. ಯಾರೋ ಬೇರೆ ಹಾಕಿದ್ರು. ಶುಕ್ರವಾರ ನಂಗೆ ಗೊತ್ತಾಯ್ತು. ಹೇಳ್ಲಿಲ್ಲ.”

“ಯಾರು ಹಾಕಿದ್ರು?”

ಮೇಸ್ತ್ರಿ ನೆಲ ನೋಡಿದ. “ಹೇಳ್ದೇ ಇದ್ದದ್ದು ನನ್ನ ತಪ್ಪು. ಮುನ್ನೂರು ಜನ ಒಳಗೆ ಕೂತ್ಕೊಳೋರು. ಅದನ್ನ ಬರ್ಕೊಳ್ಳಿ.”

ಹೆಡ್‌ಮಾಸ್ತರರು ಕುರ್ಚಿಯಲ್ಲಿ ಮಿಸುಕಾಡಿದರು. ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ನಾನು ಹಾಕಿದ್ದು. ಅವನನ್ನ ಕೇಳಿ ಹಾಕ್ಲಿಲ್ಲ,” ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು, ಎಲ್ಲರ ಮುಂದೆ ಲೋಟಗಳನ್ನಿಟ್ಟು, ತಮ್ಮನ ಮುಂದೆ ಮಾತ್ರ ಇಡದೆ ಹೊರಟುಹೋದಳು.

ಎರಡು ವಾರದಲ್ಲಿ ತೀರ್ಮಾನ ಬಂತು. ಆರಾಧನೆಗೆ ಸೇತುವೆ ಚರ್ಚು. ಗಿರಣಿ ಬೀದಿಯ ಕಟ್ಟಡ ಮಕ್ಕಳ ಶಾಲೆಗೆ. ದಿಬ್ಬದ ಚರ್ಚಿನ ಗೋಪುರವನ್ನು ಇಳಿಸಿ, ಉಳಿದ ಭಾಗಕ್ಕೆ ಹೊಸ ಗೋಡೆ ಕಟ್ಟಿ, ಕೂಡಿದ ಸಭೆಯ ಓದುಕೋಣೆ ಮಾಡುವುದು. ಅಕ್ಕನಿಗೆ ಶಾಲೆಯ ಪಕ್ಕ ಒಂದು ಕೋಣೆ ಸಿಕ್ಕಿತು. ತಮ್ಮನೇ ಸಾಮಾನು ಹೊರಲು ಹೋದರೆ ಅವನ ಎದುರೇ ಬೇರೆಯವರನ್ನು ಕರೆದಳು. ಆಮೇಲೆ ಏಳು ತಿಂಗಳು ಅವನ ಜೊತೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ದಿಬ್ಬದ ಎಷ್ಟೋ ಮನೆಯವರು ಅವನನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟರು. ಹೆಡ್‌ಮಾಸ್ತರರು ಸೇತುವೆ ಚರ್ಚಿಗೆ ಹೋದರೂ ಮುಂದಿನ ಬೆಂಚಿನಲ್ಲಿ ಕೂರದೆ, ಪರರ ಮನೆಗೆ ಬಂದವರಂತೆ ಬಾಗಿಲ ಬಳಿ ಕೂರುತ್ತಿದ್ದರು. ನಿಜವಾಗಿ ಗೋಡೆ ಅಷ್ಟು ಕೆಟ್ಟಿತ್ತೇ ಎಂಬ ಪ್ರಶ್ನೆ ಮೇಸ್ತ್ರಿಯನ್ನೂ ಬಿಡಲಿಲ್ಲ. ದಿನಾ ಆ ದಾರಿಯಲ್ಲಿ ಹೋಗುವಾಗ ಗೋಪುರ ಅಲ್ಲೇ ನಿಂತು ಅವನನ್ನೇ ಕೇಳುತ್ತಿದ್ದಂತಿತ್ತು.

ಬೇಸಿಗೆಯಲ್ಲಿ ಗೋಪುರ ಇಳಿಸುವ ಕೆಲಸ ಶುರುವಾಯಿತು. ಅದೂ ಅವನ ಪಾಲಿಗೇ ಬಂತು. ಸುತ್ತ ಅಟ್ಟಣೆ ಕಟ್ಟಿ, ಗಂಟೆ ಇಳಿಸಿ, ಮೇಲಿನಿಂದ ಒಂದೊಂದೇ ಕಲ್ಲು ತೆಗೆದರು. ಒಂಬತ್ತನೆಯ ದಿನ ಬಿರುಕಿನ ಮಟ್ಟಕ್ಕೆ ಬಂದಾಗ ಹೊರಗಿನ ಕಲ್ಲೊಂದನ್ನು ಸಡಿಲಿಸಿದ ಆಳು, “ಮೇಸ್ತ್ರಿ, ಇಲ್ಲಿ ಬನ್ನಿ,” ಎಂದು ಕೂಗಿದ. ಹೊರಗಿನ ಕಲ್ಲಿಗೂ ಒಳಗಿನ ಕಲ್ಲಿಗೂ ನಡುವೆ ಗಟ್ಟಿಯಾಗಿ ತುಂಬಿರಬೇಕಿದ್ದ ಚೂರುಕಲ್ಲು, ಗಾರೆ ಇರಲಿಲ್ಲ. ಎಷ್ಟೋ ವರ್ಷದ ಮಳೆನೀರು ಇಳಿದಿಳಿದು ಗಾರೆಯೆಲ್ಲ ಪುಡಿಯಾಗಿ, ಮೇಲಿನದು ಕೆಳಗೆ ಜಾರಿ, ಆಳುದ್ದದ ಪೊಳ್ಳು. ಎರಡು ತೆಳು ಗೋಡೆಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು, ಅಷ್ಟೇ.

ಮೇಸ್ತ್ರಿ ಕೆಲಸ ನಿಲ್ಲಿಸಿದ. ಕೈಯನ್ನೂ ತೊಳೆಯದೆ ಗಿರಣಿ ಬೀದಿಗೆ ಹೋಗಿ ಅಕ್ಕನ ಬಾಗಿಲು ತಟ್ಟಿದ.

“ಬಾ,” ಎಂದ.

ಅವಳು ಅವನ ಸುಣ್ಣ ಮೆತ್ತಿದ ಮುಖವನ್ನೇ ನೋಡಿ ಏನು ಕಂಡಳೋ, ಚಪ್ಪಲಿ ಮೆಟ್ಟಿ ಹೊರಟಳು. ಅಟ್ಟಣೆಯ ಇಳಿಜಾರನ್ನು ಅವನ ಕೈ ಹಿಡಿಯದೆ ಹತ್ತಿದಳು. ಅವನು ಪೊಳ್ಳನ್ನು ತೋರಿಸಿದ. ಅವಳು ಭುಜದವರೆಗೆ ತೋಳು ಒಳಗೆ ಬಿಟ್ಟಳು. ಹೊರಗೆ ತೆಗೆದಾಗ ಮುಷ್ಟಿಯಲ್ಲಿ ಬೂದಿಯಂಥ ಪುಡಿ ಇತ್ತು. ಅದು ಬೆರಳ ಸಂದಿಯಿಂದ ಜಾರಿಹೋಗುವುದನ್ನು ನೋಡುತ್ತಾ ನಿಂತಳು.

“ಇದರ ಬುಡದಲ್ಲಿ ನಿಂತು ಗಂಟೆ ಹೊಡೀತಿದ್ನಾ ನಾನು?”

“ಹೂಂ.”

“ಇಷ್ಟು ಕೆಟ್ಟಿದೆ ಅಂತ ಆವತ್ತೇ ಯಾಕೋ ಹೇಳ್ಲಿಲ್ಲ?”

“ನಂಗೂ ಗೊತ್ತಿರ್ಲಿಲ್ಲ ಅಕ್ಕ. ಒಡೆದು ನೋಡ್ದೆ ಹೇಗೆ ಗೊತ್ತಾಗುತ್ತೆ? ನಡೀತಿದೆ ಅಂತ ಮಾತ್ರ ಗೊತ್ತಿತ್ತು.”

ಅಕ್ಕ ಅಲ್ಲೇ ತೆಗೆದಿಟ್ಟಿದ್ದ ಕಲ್ಲಿನ ಮೇಲೆ ಕೂತಳು. ಆಳುಗಳು ಏನು ಮಾಡಬೇಕೆಂದು ತಿಳಿಯದೆ ಹಗ್ಗ ಹಿಡಿದು ನಿಂತಿದ್ದರು.

“ಆ ಕೂಸು ಎತ್ಕೊಂಡಿದ್ದೋಳು,” ಎಂದಳು ಕೊನೆಗೆ, “ನನ್ನ ಕೋಣೆ ಎದುರಿಗೇ ಇರೋದು. ದಿನಾ ನೋಡ್ತೀನಿ ಆ ಕೂಸನ್ನ. ಈಗ ನಡೆಯುತ್ತೆ.” ಮೂಗು ಒರೆಸಿಕೊಂಡು ಎದ್ದಳು. ಕೆಳಗೆ ಅಂಗಳದಲ್ಲಿ ಪೇರಿಸಿದ್ದ ಕಲ್ಲುಗಳ ಮೇಲೆ ಅವಳ ಕಣ್ಣು ಬಿತ್ತು. “ಅದೇನೋ ಹಾಗೆ ಪೇರಿಸಿದಾರೆ? ಮೂಲೆ ಕಲ್ಲನ್ನ ಬೇರೆ ಇಡ್ಬೇಕು ಅಂತ ಯಾರೂ ಹೇಳ್ಲಿಲ್ವಾ ಇವ್ರಿಗೆ?”

“ಹೇಳಿದೀನಿ. ಕೇಳ್ಬೇಕಲ್ಲ.”

“ನೀನು ಹೇಳೋ ಚಂದಕ್ಕೆ ಯಾರು ಕೇಳ್ತಾರೆ?” ಎನ್ನುತ್ತಾ ಅಕ್ಕ ಇಳಿಜಾರಿನ ಕಡೆ ತಿರುಗಿದಳು. ಹತ್ತುವಾಗ ಬೇಡವಾಗಿದ್ದ ತೋಳನ್ನು ಇಳಿಯುವಾಗ ಹಿಡಿದುಕೊಂಡಳು.